ಒಂಬತ್ತನೇ ದಿನಕ್ಕೆ ಮತ್ತೆ ಕೆಡುತ್ತಿದ್ದ ಫ್ರಿಜ್: ಒಂದು ಪ್ರಕರಣ ಅಧ್ಯಯನ

ಕೆಳಗಿನ ಖಾನೆಯಲ್ಲಿಟ್ಟ ಹಾಲು ಒಡೆಯುತ್ತಿತ್ತು. ಮೇಲೆ ಫ್ರೀಜರ್‌ನಲ್ಲಿ ಐಸ್ ಮಾತ್ರ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮನೆಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಗ್ಯಾಸ್ ಹಾಕಿಸಿ ಇನ್ನೂ ಎರಡು ವಾರ ಆಗಿಲ್ಲ, ಮತ್ತೆ ಅದೇ ಕತೆ. ಗ್ಯಾಸ್ ಹಾಕೋ ಸಾಮಾನು ತಗೊಂಡೇ ಬನ್ನಿ." ತಗೊಂಡೇ ಹೋದೆ. ಆದರೆ ಮೊದಲ ದಿನ ಅದನ್ನು ಚೀಲದಿಂದ ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ.

ಫ್ರಿಜ್ ಎರಡು ಬಾಗಿಲಿನದು, ಫ್ರಾಸ್ಟ್ ಫ್ರೀ, ಸುಮಾರು 250 ಲೀಟರಿನದು. ತಂದು 8 ವರ್ಷ ಆಗಿತ್ತು. ಇನ್ವರ್ಟರ್ ಅಲ್ಲ, ಟೈಮರ್ ಇರುವ ಸಾದಾ ಮಾದರಿ. ಹಿಂದಿನ ಲೇಬಲ್ ಮೇಲೆ ಗ್ಯಾಸ್ ಆರ್600ಎ, 52 ಗ್ರಾಂ ಎಂದಿತ್ತು. ಡಿಫ್ರಾಸ್ಟ್ ಹೀಟರ್ 150 ವ್ಯಾಟ್ ಅಂತಲೂ ಇತ್ತು. ಲೇಬಲ್ ಓದುವುದನ್ನು ನಾನು ಯಾವತ್ತೂ ಬಿಡುವುದಿಲ್ಲ. ಈ ಎರಡು ಅಂಕಿ ಮುಂದೆ ಎರಡು ಬೇರೆ ಬೇರೆ ಕಡೆ ಕೈ ಹಿಡಿದವು.

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಕೂತು ಕೇಳಿದೆ. ಯಾವಾಗ ಶುರುವಾಯಿತು, ಯಾರು ಏನು ಮಾಡಿದರು, ಮಾಡಿದ ಮೇಲೆ ಎಷ್ಟು ದಿನ ಸರಿ ಇತ್ತು. ಮೇಡಂ ಒಂದೊಂದೇ ಹೇಳುತ್ತಾ ಹೋದರು. ಮೊದಲ ಸಲ ತಂಪು ಕಮ್ಮಿಯಾದಾಗ ಒಬ್ಬರು ಮೆಕ್ಯಾನಿಕ್ ಬಂದು ಥರ್ಮೋಸ್ಟಾಟ್ ಗುಂಡಿ ಜಾಸ್ತಿಗೆ ತಿರುಗಿಸಿ ಹೋದರು. ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ಮನೆಯವರು 2 ದಿನ ಹೊರಗೆ ಹೋಗಬೇಕಾಯಿತು. ಫ್ರಿಜ್ ಆಫ್ ಮಾಡಿ, ಬಾಗಿಲು ತೆರೆದಿಟ್ಟು ಹೋದರು. ವಾಪಸ್ ಬಂದು ಹಾಕಿದರೆ ಹೊಸದರ ಹಾಗೆ ಕೆಲಸ ಮಾಡಿತು! ಒಂದು ವಾರಕ್ಕಿಂತ ಸ್ವಲ್ಪ ಜಾಸ್ತಿ ದಿನ. ಆಮೇಲೆ ಮತ್ತೆ ಕೆಳಗೆ ಬಿಸಿ. ಆಗ ಅದೇ ಮೆಕ್ಯಾನಿಕ್ ಬಂದು ಒತ್ತಡ ಅಳೆಯುವ ಗೇಜ್ ಹಾಕಿ ನೋಡಿ, ಗ್ಯಾಸ್ ಕಮ್ಮಿ ಇದೆ ಎಂದು ತುಂಬಿಸಿದರು. ಅರ್ಧ ದಿನ ಹಿಡಿಯಿತು. ಅದಾದ ಮೇಲೆ 9 ದಿನ ಚೆನ್ನಾಗಿತ್ತು.

ಒಳಗಿನ ಕೋಣೆಯಿಂದ ಅಜ್ಜಿ ಎದ್ದು ಬಂದರು. "ರಾತ್ರಿಯೆಲ್ಲ ಅದು ಒಂದು ಗಳಿಗೆ ಸುಮ್ನಿರೋದಿಲ್ಲ ಕಣಪ್ಪ. ಗುರ್ ಅಂತಾನೇ ಇರುತ್ತೆ. ನಿನ್ನೆಯಿಂದ ಬೇರೆ ಟರ್ ಟರ್ ಅಂತ ಏನೋ ತಾಗೋ ಸದ್ದು."

ಅಜ್ಜಿಯ ಈ ಎರಡು ಮಾತಿಗೆ ನನ್ನ ಮೀಟರಿಗಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಕಂಪ್ರೆಸರ್ ನಿಲ್ಲುತ್ತಲೇ ಇಲ್ಲ ಅಂದರೆ ಕೆಳಗಿನ ಖಾನೆ ಬೇಕಾದಷ್ಟು ತಣ್ಣಗಾಗುತ್ತಿಲ್ಲ, ಥರ್ಮೋಸ್ಟಾಟ್ ಕಟ್ ಆಗುತ್ತಿಲ್ಲ. ಟರ್ ಟರ್ ಸದ್ದು ಅಂದರೆ ಫ್ಯಾನಿನ ರೆಕ್ಕೆಗೆ ಏನೋ ತಾಗುತ್ತಿದೆ. ಫ್ರೀಜರಿನ ಗೋಡೆಯ ಹಿಂದೆ ತಾಗುವುದಕ್ಕೆ ಐಸ್ ಬಿಟ್ಟು ಬೇರೇನಿರುತ್ತೆ?

ಈಗ ದಿನಗಳ ಲೆಕ್ಕ ನೋಡಿ. ಒಂದು ಸಲ ಬರೀ ಆಫ್ ಮಾಡಿ ಇಟ್ಟಿದ್ದಕ್ಕೆ ಒಂದು ವಾರದ ಮೇಲೆ ಸರಿ ಇತ್ತು. ಇನ್ನೊಂದು ಸಲ ಗ್ಯಾಸ್ ಹಾಕಿಸಿದ್ದಕ್ಕೆ 9 ದಿನ ಸರಿ ಇತ್ತು. ಎರಡರಲ್ಲೂ ಒಂದೇ ಆಗಿರುವುದು ಗ್ಯಾಸ್ ಅಲ್ಲ. ಎರಡು ಸಲವೂ ಫ್ರಿಜ್ ಬಹಳ ಹೊತ್ತು ಆಫ್ ಆಗಿ ಬಾಗಿಲು ತೆರೆದುಕೊಂಡಿತ್ತು. ಒಳಗಿದ್ದ ಏನೋ ಕರಗಿ ಹೋಗಲು ಅಷ್ಟು ಹೊತ್ತು ಸಾಕಾಗಿತ್ತು.

ಫ್ರಾಸ್ಟ್ ಫ್ರೀ ಫ್ರಿಜ್ ಹೇಗೆ ಕೆಲಸ ಮಾಡುತ್ತೆ ಎಂದು ಗೊತ್ತಿದ್ದರೆ ಇದು ಅರ್ಥವಾಗುತ್ತೆ. ತಂಪು ಮಾಡುವ ಕಾಯಿಲ್ ಒಂದೇ. ಅದು ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಗೋಡೆಯ ಆಚೆ ಇರುತ್ತೆ. ಒಂದು ಚಿಕ್ಕ ಫ್ಯಾನ್ ಆ ಕಾಯಿಲ್ ಮೂಲಕ ಗಾಳಿ ಎಳೆದು ಫ್ರೀಜರಿಗೆ ಊದುತ್ತೆ. ಅದರಲ್ಲೇ ಸ್ವಲ್ಪ ಗಾಳಿ ಕೊಳವೆಯಲ್ಲಿ ಇಳಿದು ಕೆಳಗಿನ ಖಾನೆಗೆ ಬರುತ್ತೆ. ಕೆಳಗಿನ ಖಾನೆಗೆ ಸ್ವಂತ ತಂಪು ಅಂತ ಇಲ್ಲ, ಮೇಲಿನವರು ಕಳಿಸಿದ್ದೇ ಅದಕ್ಕೆ ಗತಿ. ಗಾಳಿಯಲ್ಲಿರುವ ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತೆ. ಅದನ್ನು ಕರಗಿಸಲು ಕಾಯಿಲ್ ಕೆಳಗೆ ಹೀಟರ್ ಇದೆ. ಕಂಪ್ರೆಸರ್ ಇಂತಿಷ್ಟು ಗಂಟೆ ಓಡಿದ ಮೇಲೆ ಟೈಮರ್ ಕಂಪ್ರೆಸರ್ ನಿಲ್ಲಿಸಿ ಹೀಟರ್ ಹಚ್ಚುತ್ತೆ. ಸಾಮಾನ್ಯವಾಗಿ 6ರಿಂದ 12 ಗಂಟೆಗೊಮ್ಮೆ, 20-30 ನಿಮಿಷ. ಕಾಯಿಲ್ ಮೇಲೆ ಕ್ಲಿಪ್ ಆಗಿರುವ ಬೈಮೆಟಲ್ ಎಂಬ ಸಣ್ಣ ಸ್ವಿಚ್, ಹಿಮ ಕರಗಿ ಕಾಯಿಲ್ ಬೆಚ್ಚಗಾದ ಕೂಡಲೇ ಹೀಟರ್ ಆರಿಸುತ್ತೆ. ಅದೂ ಕೈಕೊಟ್ಟರೆ ಅಂತ ಕೊನೆಯ ಕಾವಲಿಗೆ ಥರ್ಮಲ್ ಫ್ಯೂಸ್.

ಈ ಸಾಲಿನಲ್ಲಿ ಒಂದು ಕೆಟ್ಟರೂ ಹಿಮ ಕರಗುವುದಿಲ್ಲ. ಪದರದ ಮೇಲೆ ಪದರ ಕೂರುತ್ತೆ. ಒಂದು ವಾರ, 10 ದಿನದಲ್ಲಿ ಕಾಯಿಲಿನ ಸಂದುಗಳೆಲ್ಲ ಮುಚ್ಚಿ ಗಾಳಿ ನಿಲ್ಲುತ್ತೆ. ಫ್ರೀಜರ್ ಕಾಯಿಲಿಗೆ ಅಂಟಿಕೊಂಡೇ ಇರುವುದರಿಂದ ಅದಕ್ಕೆ ಇನ್ನೂ ಕೆಲವು ದಿನ ತಂಪು ಸಿಗುತ್ತೆ. ಕೆಳಗಿನ ಖಾನೆ ಮೊದಲು ಸೋಲುತ್ತೆ.

ಬೇರೆ ಕಾರಣಗಳನ್ನೂ ಪಕ್ಕಕ್ಕಿಡಬೇಕಿತ್ತು. ಮೇಲೆ ಕೆಳಗೆ ಎರಡೂ ಬಿಸಿ, ಕಂಪ್ರೆಸರ್ ಟಿಕ್ ಅಂದು ನಿಲ್ಲುತ್ತಿದ್ದರೆ ಅದನ್ನು ಶುರು ಮಾಡುವ ರಿಲೇ ಅಥವಾ ಅದನ್ನು ಕಾಯುವ ಓವರ್‌ಲೋಡ್ ನೋಡುತ್ತಿದ್ದೆ. ಕಂಪ್ರೆಸರ್ ಓಡುತ್ತಲೇ ಎರಡೂ ಬಿಸಿಯಾಗಿದ್ದರೆ ಗ್ಯಾಸ್ ಕಡೆ ತಿರುಗುತ್ತಿದ್ದೆ. ಇಲ್ಲಿ ಕೆಳಗೆ ಮಾತ್ರ ಬಿಸಿ. ಅಂದರೆ ತಂಪು ಹುಟ್ಟುತ್ತಿದೆ, ಇಳಿದು ಬರುತ್ತಿಲ್ಲ. ಫ್ರೀಜರ್ ಬಾಗಿಲಿನ ಸ್ವಿಚ್ ಬೆರಳಿನಿಂದ ಒತ್ತಿ ಹಿಡಿದೆ. ಫ್ಯಾನ್ ತಿರುಗುವ ಸದ್ದು ಬಂತು, ಜೊತೆಗೆ ಅಜ್ಜಿ ಹೇಳಿದ ಟರ್ ಟರ್. ಆದರೆ ಗಾಳಿ ಬರುವ ಕಿಂಡಿಗೆ ಕೈ ಇಟ್ಟರೆ ಉಸಿರಿನಷ್ಟೂ ಇಲ್ಲ. ಬಾಗಿಲಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್ ಸುತ್ತ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿದೆ. ಒಂದು ಮೂಲೆಯಲ್ಲಿ ಸ್ವಲ್ಪ ಸಡಿಲವಿತ್ತು. ಬಿಸಿನೀರಿನ ಬಟ್ಟೆ ಒತ್ತಿ ಕೈಯಿಂದ ತೀಡಿದ ಮೇಲೆ ಕೂತಿತು. ಹೊರಗಿನ ತೇವ ಒಳಗೆ ಬರಲು ಅದೂ ಒಂದು ದಾರಿಯೇ, ಆದರೆ ಇಷ್ಟೆಲ್ಲ ಆಗಲು ಅದೊಂದೇ ಕಾರಣವಾಗಿರಲಿಲ್ಲ.

ಮೇಡಂ ಅಷ್ಟರಲ್ಲಿ ಬಿಸಿನೀರು ಕಾಯಿಸಿ ತಂದಿದ್ದರು. "ಐಸ್ ಆಗಿದೆ ಅಂದ್ರೆ ಮೊದಲು ಕರಗಿಸಿಬಿಡೋಣ ಅಲ್ವಾ?" ಬೇಡ ಎಂದೆ. ಈ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಮೊದಲ ವರ್ಷಗಳಲ್ಲಿ ಹಾಗೇ ಮಾಡುತ್ತಿದ್ದೆ. ಐಸ್ ಕರಗಿಸಿದರೆ ಫ್ರಿಜ್ ಸರಿಯಾದ ಹಾಗೆ ಕಾಣುತ್ತೆ, ಯಾಕೆ ಕೆಟ್ಟಿತು ಎಂಬುದಕ್ಕೆ ಇದ್ದ ಸಾಕ್ಷಿ ನೀರಾಗಿ ಹರಿದು ಹೋಗುತ್ತೆ. ಕಾಯಿಲ್ ಹೆಪ್ಪುಗಟ್ಟಿರುವಾಗಲೇ ಅಳೆಯಬೇಕು.

ಮೊದಲು ಟೈಮರ್. ಅದರ ನಡುವಿನ ತಿರುಪಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದೆ. ಒಂದೂವರೆ ಗಂಟೆಯಲ್ಲಿ ಗೆರೆ ಜಾಗ ಬದಲಿಸಿತ್ತು, ಟೈಮರ್ ಓಡುತ್ತಿದೆ ಎಂದಾಯಿತು. ಆಮೇಲೆ ಕೈಯಿಂದಲೇ ನಿಧಾನವಾಗಿ ಮುಂದಕ್ಕೆ ತಿರುಗಿಸಿದೆ. ಟಕ್ ಎಂದಿತು, ಕಂಪ್ರೆಸರ್ ನಿಂತಿತು. ಈಗ ಹೀಟರ್ ಹೊತ್ತಬೇಕು. 230 ವೋಲ್ಟಿಗೆ 150 ವ್ಯಾಟ್ ಅಂದರೆ ಸುಮಾರು 0.65 ಆಂಪಿಯರ್. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಒಂದೇ ವೈರಿನ ಸುತ್ತ ಹಾಕಿದೆ. ಎರಡು ವೈರನ್ನೂ ಸೇರಿಸಿ ಹಿಡಿದರೆ ಯಾವಾಗಲೂ ಸೊನ್ನೆಯೇ ಬರುತ್ತೆ, ನೆನಪಿರಲಿ. ಸರಿಯಾಗಿ ಹಿಡಿದರೂ ಮೀಟರ್ ಸೊನ್ನೆ ತೋರಿಸಿತು. ಹೀಟರ್ ಸಾಲು ಎಲ್ಲೋ ಕಡಿದಿದೆ.

ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ. ಫ್ರೀಜರ್ ಖಾಲಿ ಮಾಡಿ ಹಿಂದಿನ ಗೋಡೆಯ ಸ್ಕ್ರೂ ಬಿಚ್ಚಿದೆ. ಗೋಡೆ ಅಲುಗಲಿಲ್ಲ, ಐಸ್ ಹಿಡಿದುಕೊಂಡಿತ್ತು. ಅಂಚಿಗೆ ಮಾತ್ರ ಬಿಸಿನೀರಿನ ಬಟ್ಟೆ ಒತ್ತಿ ಬಿಡಿಸಿದೆ. ಚಾಕು, ಸ್ಕ್ರೂ ಡ್ರೈವರ್ ಹಾಕಿ ಮೀಟಬಾರದು. ಕಾಯಿಲ್ ಅಲ್ಯೂಮಿನಿಯಮ್ಮಿನದು, ಅದರ ಪೈಪ್ ತೆಳ್ಳಗೆ. ಒಂದು ತೂತು ಬಿದ್ದರೆ ಗ್ಯಾಸೆಲ್ಲ ಹೋಗುತ್ತೆ, ಕಾಯಿಲೂ ಹೋಗುತ್ತೆ. ಅದರಲ್ಲೂ ಆರ್600ಎ ಅಂದರೆ ಐಸೋಬ್ಯೂಟೇನ್, ಬೆಂಕಿ ಹಿಡಿಯುವ ಗ್ಯಾಸ್.

ಗೋಡೆ ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಕಾಯಿಲ್ ಕಾಣಿಸಲೇ ಇಲ್ಲ. ಒಂದು ಬಿಳಿ ಇಟ್ಟಿಗೆ ಇಟ್ಟ ಹಾಗಿತ್ತು. ಮೇಲಿನ ಅಂಚು ಫ್ಯಾನಿನ ರೆಕ್ಕೆಯವರೆಗೆ ಬೆಳೆದಿತ್ತು, ರೆಕ್ಕೆ ತಾಗಿ ತಾಗಿ ಐಸಿನಲ್ಲಿ ಬಳೆಯ ಆಕಾರದ ಗೆರೆ ಕೊರೆದಿತ್ತು. ನಾನು ನೋಡುತ್ತಿದ್ದುದು ಇನ್ನೊಂದನ್ನು. ಐಸ್ ಎಡದಿಂದ ಬಲಕ್ಕೆ, ಮೇಲಿಂದ ಕೆಳಗೆ ಎಲ್ಲ ಕಡೆ ಒಂದೇ ಸಮ ಇತ್ತು. ಗ್ಯಾಸ್ ಕಮ್ಮಿಯಾದರೆ ಹೀಗೆ ಆಗುವುದಿಲ್ಲ. ಆಗ ಗ್ಯಾಸ್ ಒಳಗೆ ಬರುವ ಕಡೆಯ ಒಂದೆರಡು ಸುತ್ತಿಗೆ ಮಾತ್ರ ಹಿಮ ಕೂತು, ಉಳಿದ ಕಾಯಿಲ್ ಬೋಳಾಗಿರುತ್ತೆ.

ಹಾಗಾದರೆ ಹಿಂದಿನವರ ಗೇಜಿನಲ್ಲಿ ಗ್ಯಾಸ್ ಕಮ್ಮಿ ತೋರಿಸಿದ್ದು ಯಾಕೆ? ಅವರು ಸುಳ್ಳು ಹೇಳಿದ್ದಾರೆ ಎಂದು ನನಗೆ ಅನಿಸಲಿಲ್ಲ. ಕಾಯಿಲ್ ಮುಚ್ಚಿಹೋದಾಗ ಅದಕ್ಕೆ ಬೆಚ್ಚನೆ ಗಾಳಿ ತಾಗುವುದಿಲ್ಲ. ಒಳಗಿನ ಗ್ಯಾಸ್ ಕುದಿಯಲು ಬೇಕಾದ ಶಾಖ ಸಿಗುವುದಿಲ್ಲ. ವಾಪಸ್ ಬರುವ ಪೈಪಿನಲ್ಲಿ ಒತ್ತಡ ತಾನಾಗಿ ಇಳಿಯುತ್ತೆ. ಸಾಲದ್ದಕ್ಕೆ ಆರ್600ಎ ಸರಿಯಾಗಿ ಓಡುತ್ತಿರುವಾಗಲೂ ಆ ಕಡೆಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೇ ಇರುತ್ತೆ, ಯಾಕೆಂದರೆ ಅದು ಕುದಿಯುವುದೇ ಮೈನಸ್ 12 ಡಿಗ್ರಿ ಸೆಲ್ಸಿಯಸ್ ಹತ್ತಿರ. ಬೇರೆ ಫ್ರಿಜ್ಜುಗಳಲ್ಲಿರುವ ಆರ್134ಎ ಗ್ಯಾಸ್ ನೋಡಿ ಅಭ್ಯಾಸವಾದ ಕಣ್ಣಿಗೆ ಮುಳ್ಳು ಸೊನ್ನೆಗಿಂತ ಕೆಳಗಿರುವುದು ಕಂಡರೆ ಗ್ಯಾಸ್ ಇಲ್ಲವೇ ಇಲ್ಲ ಅನಿಸುತ್ತೆ. ಅನುಭವ ಇರುವವರೂ ಇಲ್ಲಿ ಜಾರುತ್ತಾರೆ.

ಐಸ್ ಹಾಗೇ ಇರಲಿ ಎಂದು ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆ. ಹೀಟರ್ 355 ಓಮ್. ಲೆಕ್ಕಕ್ಕೆ ಸುಮಾರು 353 ಓಮ್ ಬರಬೇಕು, ಅಂದರೆ ಹೀಟರ್ ಗಟ್ಟಿಯಾಗಿದೆ. ಥರ್ಮಲ್ ಫ್ಯೂಸಿಗೆ ಹಿಡಿದರೆ ಮೀಟರ್ ಬೀಪ್ ಅಂದಿತು, ಅದೂ ಸರಿ ಇದೆ. ಬೈಮೆಟಲ್ ಎರಡು ವೈರಿಗೆ ಹಿಡಿದೆ. ಮೀಟರ್ ಮಾತಾಡಲಿಲ್ಲ. ಅದರ ಪಕ್ಕದಲ್ಲೇ ಇಟ್ಟ ಥರ್ಮಾಮೀಟರ್ ತಂತಿ ಮೈನಸ್ 17 ಡಿಗ್ರಿ ತೋರಿಸುತ್ತಿತ್ತು. ಅಷ್ಟು ಚಳಿಯಲ್ಲಿ ಬೈಮೆಟಲ್ ಮುಚ್ಚಿಕೊಂಡು ಕರೆಂಟ್ ಬಿಡಬೇಕು. ಇದು ತೆರೆದೇ ಕೂತಿತ್ತು. ಕಳ್ಳ ಸಿಕ್ಕಿದ.

ಇದೇ ಅಳತೆಯನ್ನು ಐಸ್ ಕರಗಿಸಿದ ಮೇಲೆ ಮಾಡಿದ್ದರೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ಕೋಣೆಯ ಬಿಸಿಯಲ್ಲಿ ಒಳ್ಳೆಯ ಬೈಮೆಟಲ್ಲೂ ತೆರೆದೇ ಇರುತ್ತೆ. ಮೇಜಿನ ಮೇಲಿಟ್ಟು ಮೀಟರ್ ಹಿಡಿದು, ಹೊಸ ಬೈಮೆಟಲ್ಲನ್ನೇ ಕೆಟ್ಟಿದೆ ಎಂದು ವಾಪಸ್ ಕೊಟ್ಟವರನ್ನು ನೋಡಿದ್ದೇನೆ.

ಈಗ ಕರಗಿಸುವ ಸರದಿ. ಬಿಸಿನೀರಿನ ಪಾತ್ರೆಗಳನ್ನು ಫ್ರೀಜರಿನೊಳಗೆ ಇಟ್ಟು, ಹೊರಗಿನಿಂದ ಟೇಬಲ್ ಫ್ಯಾನ್ ಬಿಟ್ಟೆವು. ಹೇರ್ ಡ್ರೈಯರ್ ಬೇಡ ಎಂದೆ. ನೀರು ಸುರಿಯುವ ಜಾಗದಲ್ಲಿ ಕರೆಂಟಿನ ಸಾಮಾನು ಕೈಯಲ್ಲಿ ಹಿಡಿಯುವುದು ನನಗೆ ಇಷ್ಟವಿಲ್ಲ. ಎರಡೂವರೆ ಗಂಟೆ ಹಿಡಿಯಿತು. ಕರಗಿದ ನೀರು ಕೆಳಗಿನ ತಟ್ಟೆಗೆ ಇಳಿಯದೆ ಫ್ರೀಜರಿನಲ್ಲೇ ನಿಂತಿತು. ನೀರು ಹೋಗುವ ತೂತಿನಲ್ಲಿ ಐಸ್, ಅದರ ಕೆಳಗೆ ಲೋಳೆಯಂಥ ಕೊಳೆ. ಸಿರಿಂಜಿನಿಂದ ಬೆಚ್ಚನೆ ನೀರು ಬಿಟ್ಟು, ಮೆತ್ತನೆ ಪ್ಲಾಸ್ಟಿಕ್ ಕೊಳವೆ ಆಡಿಸಿ ತೆರೆದೆ. ತರಕಾರಿ ಡಬ್ಬದ ಕೆಳಗೆ ಆಗಾಗ ನೀರು ನಿಲ್ಲುತ್ತಿತ್ತು ಎಂದು ಮೇಡಂ ಆಗ ನೆನಪು ಮಾಡಿಕೊಂಡರು.

ಬೈಮೆಟಲ್ ಕೈಗೆ ಬಂತು. ನಾಣ್ಯದಷ್ಟು ದುಂಡಗಿನ ಬಿಲ್ಲೆ. ಒಂದು ಮುಖ ಚಪ್ಪಟೆ ಇರಬೇಕಾದ್ದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಒಳಗೆ ನೀರು ಹೋಗಿ, ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಹೀಗಾಗುತ್ತೆ. ದಿನಕ್ಕೆ 2 ಸಲ ಅಂತ ಹಿಡಿದರೂ 8 ವರ್ಷಕ್ಕೆ ಸುಮಾರು 5,800 ಸಲ.

ಒಂದು ಲೋಟದಲ್ಲಿ ಐಸ್ ಚೂರು, ಎರಡು ಹಿಡಿ ಉಪ್ಪು ಹಾಕಿ ಕಲಸಿದೆ. ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತೆ. ಹಳೆಯದನ್ನೂ ಹೊಸದನ್ನೂ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಇಳಿಸಿದೆ. ಮೂರ್ನಾಲ್ಕು ನಿಮಿಷಕ್ಕೆ ಹೊಸದು ಟಿಕ್ ಎಂದಿತು, ಮೀಟರ್ ಬೀಪ್ ಕೊಟ್ಟಿತು. ಹಳೆಯದು 15 ನಿಮಿಷ ಬಿಟ್ಟರೂ ಸುಮ್ನೆ ಇತ್ತು. ಹೊಸದನ್ನು ಹೊರತೆಗೆದು ಅಂಗೈಯಲ್ಲಿ ಹಿಡಿದೆ. ಬೆಚ್ಚಗಾಗುತ್ತಲೇ ಮತ್ತೆ ಟಿಕ್, ತೆರೆದುಕೊಂಡಿತು. ಆ ಮನೆಯ ಹುಡುಗ ಅದನ್ನು ಮೂರು ಸಲ ಮಾಡಿಸಿ ನೋಡಿದ.

ಬೈಮೆಟಲ್ ಕೆಟ್ಟಾಗ ಕೆಲವರು ಅದನ್ನು ಕಿತ್ತು ವೈರ್ ಡೈರೆಕ್ಟ್ ಮಾಡಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ, ಮಾಡಿಸಿಕೊಳ್ಳಲೂ ಬೇಡಿ. ಐಸ್ ಕರಗಿದ ಮೇಲೂ ಟೈಮರ್ ತಿರುಗುವ ತನಕ ಹೀಟರ್ ಉರಿಯುತ್ತಲೇ ಇರುತ್ತೆ. ಸುತ್ತ ಇರುವುದೆಲ್ಲ ಪ್ಲಾಸ್ಟಿಕ್ಕು, ಪಕ್ಕದ ಪೈಪಿನಲ್ಲಿ ಬೆಂಕಿ ಹಿಡಿಯುವ ಗ್ಯಾಸ್. ಇರುವ ಒಂದೇ ಕಾವಲು ಆ ಫ್ಯೂಸ್.

ಹೊಸದನ್ನು ಹಳೆಯದಿದ್ದ ಜಾಗದಲ್ಲೇ ಕ್ಲಿಪ್ ಮಾಡಿದೆ. ಜಾಯಿಂಟಿಗೆ ನೀರು ಹೋಗದ ಸ್ಲೀವ್ ಹಾಕಿದೆ. ಫ್ರಿಜ್ ಆನ್ ಮಾಡಿ, ಬೈಮೆಟಲ್ ಮುಚ್ಚಿಕೊಳ್ಳುವಷ್ಟು ಕಾಯಿಲ್ ತಣ್ಣಗಾದ ಮೇಲೆ ಟೈಮರ್ ತಿರುಗಿಸಿದೆ. ಕ್ಲ್ಯಾಂಪ್ ಮೀಟರಿನಲ್ಲಿ 0.64. ಮತ್ತೆ ಕಂಪ್ರೆಸರಿಗೆ ತಿರುಗಿಸಿ ಹೊರಟೆ. ನಾಳೆ ಬರುತ್ತೇನೆ, ಅಲ್ಲಿವರೆಗೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ಕೆಳಗಿನ ಖಾನೆಯ ನಡುವೆ ಇಡಿ ಎಂದೆ. ಗಾಳಿಯ ಬಿಸಿ ಬಾಗಿಲು ತೆರೆದ ಕೂಡಲೇ ಏರುತ್ತೆ, ನೀರಿನದು ಹಾಗೆ ಓಡಾಡುವುದಿಲ್ಲ.

ಮಾರನೇ ದಿನ ಹೋಗಲು ಒಂದು ಕಾರಣವಿತ್ತು. ಮೊದಲ ದಿನವೇ ಫ್ರಿಜ್ಜಿನ ಹಿಂದೆ, ಕಂಪ್ರೆಸರಿಗೆ ವಾಪಸ್ ಬರುವ ಪೈಪಿನ ಮೇಲೆ ಹಿಮ ಕಂಡಿದ್ದೆ. ಗ್ಯಾಸ್ ಜಾಸ್ತಿಯಾದರೆ ಹಾಗಾಗುತ್ತೆ. ಆದರೆ ಕಾಯಿಲ್ ಮುಚ್ಚಿಹೋಗಿದ್ದರೂ ಹಾಗೇ ಆಗುತ್ತೆ, ಯಾಕೆಂದರೆ ಕಾಯಿಲಿನಲ್ಲಿ ಕುದಿಯದ ದ್ರವ ಮುಂದಕ್ಕೆ ಹರಿದು ಬರುತ್ತೆ. ಅದಕ್ಕೇ ಆಗ ಬಾಯಿ ಬಿಡಲಿಲ್ಲ. ಈಗ ಕಾಯಿಲ್ ಶುದ್ಧವಾಗಿ 24 ಗಂಟೆ ಓಡಿದೆ. ಹಿಂದೆ ಬಗ್ಗಿ ನೋಡಿದೆ. ಪೈಪಿನ ಮೇಲೆ ಹಿಮ ಇನ್ನೂ ಇತ್ತು. ಕೆಳಗಿನ ಖಾನೆ 7 ಡಿಗ್ರಿಗೆ ಬಂದು ನಿಂತಿತ್ತು, ಇನ್ನೂ ಇಳಿಯಬೇಕಿತ್ತು.

ಖಾಲಿಯಾಗದ ಗ್ಯಾಸಿನ ಮೇಲೆ ಇನ್ನಷ್ಟು ಗ್ಯಾಸ್ ಬಿದ್ದಿತ್ತು. ಫ್ರಿಜ್ಜಿನ ಗ್ಯಾಸ್ ಓಡಿಸಿದಂತೆ ಖರ್ಚಾಗುವುದಲ್ಲ. ಮುಚ್ಚಿದ ಪೈಪಿನಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತೆ. ಕಮ್ಮಿಯಾಗಿದ್ದರೆ ಸೋರಿದೆ ಎಂದೇ ಅರ್ಥ, ಸೋರುವ ಜಾಗ ಹುಡುಕದೆ ತುಂಬಿಸಿ ಪ್ರಯೋಜನವಿಲ್ಲ. ಆರ್600ಎ ವಿಷಯದಲ್ಲಿ ಅಂದಾಜು ಬೇಡವೇ ಬೇಡ. 52 ಗ್ರಾಂ ಹಿಡಿಯುವ ಕಡೆ 10-15 ಗ್ರಾಂ ಹೆಚ್ಚಾದರೆ ಕಾಲು ಭಾಗ ಹೆಚ್ಚಾದ ಹಾಗೆ. ದ್ರವ ಕಂಪ್ರೆಸರ್ ತನಕ ಬಂದರೆ ಕಂಪ್ರೆಸರಿನ ಆಯಸ್ಸೇ ಕಮ್ಮಿಯಾಗುತ್ತೆ.

ಫ್ರಿಜ್ಜನ್ನು ಬಾಲ್ಕನಿಗೆ ತಂದೆವು. ಅಡುಗೆಮನೆಯ ಒಲೆ ಆರಿಸಿಸಿದೆ. ಇದ್ದ ಗ್ಯಾಸನ್ನು ಉದ್ದನೆ ಪೈಪಿನಲ್ಲಿ ಬಯಲಿಗೆ ಬಿಟ್ಟೆ. ಒಳಗೆ ನೈಟ್ರೋಜನ್ ಹಾಯಿಸಿದ ಮೇಲೆ, ಪೈಪಿನೊಳಗಿನ ತೇವ ಹೀರುವ ಡ್ರೈಯರ್ ಫಿಲ್ಟರನ್ನು ಬೆಂಕಿಯ ಟಾರ್ಚ್ ಹಚ್ಚದೆ ಕಟರಿನಿಂದ ಕತ್ತರಿಸಿ ಹೊಸದು ಕೂರಿಸಿದೆ. ಪೈಪ್ ತೆರೆದ ಮೇಲೆ ಹಳೆ ಫಿಲ್ಟರ್ ಇಡಬಾರದು, ಗಾಳಿಯ ತೇವ ಅದರಲ್ಲಿ ಸೇರಿರುತ್ತೆ. ನೈಟ್ರೋಜನ್ ತುಂಬಿ ಅರ್ಧ ಗಂಟೆ ಬಿಟ್ಟೆ. ಮುಳ್ಳು ಅಲುಗಲಿಲ್ಲ. ಸೋರಿಕೆ ಇರಲೇ ಇಲ್ಲ ಎಂದು ಅಲ್ಲಿಗೆ ಖಾತ್ರಿಯಾಯಿತು. ಮುಕ್ಕಾಲು ಗಂಟೆ ವ್ಯಾಕ್ಯೂಮ್ ಹಿಡಿದು, ತೂಕದ ಮೇಲೆ ಸಿಲಿಂಡರ್ ಇಟ್ಟು ಸರಿಯಾಗಿ 52 ಗ್ರಾಂ ಬಿಟ್ಟೆ. ಜಾಯಿಂಟಿಗೆ ಸೋಪಿನ ನೊರೆ ಹಚ್ಚುವಾಗ ಒಂದು ಸೂಕ್ಷ್ಮ ಇದೆ. ಕಂಪ್ರೆಸರಿಗೆ ವಾಪಸ್ ಬರುವ ಕಡೆಯನ್ನು ಕಂಪ್ರೆಸರ್ ನಿಲ್ಲಿಸಿ ನೋಡಬೇಕು. ಓಡುತ್ತಿರುವಾಗ ಆ ಕಡೆ ಒಳಕ್ಕೆ ಎಳೆಯುತ್ತೆ, ತೂತಿದ್ದರೂ ಗುಳ್ಳೆ ಬರುವುದಿಲ್ಲ. ಒತ್ತಡದ ಕಡೆಯನ್ನು ಓಡುತ್ತಿರುವಾಗಲೇ ನೋಡಬೇಕು.

ಇದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ, ಹೇಳಿಬಿಡುತ್ತೇನೆ. ದಿನಗಳನ್ನು ಬರೆದಿಡುವುದು, ಸದ್ದು ಕೇಳುವುದು, ನೀರು ಹೋಗುವ ತೂತು ಶುದ್ಧ ಮಾಡುವುದು, ಗ್ಯಾಸ್ಕೆಟ್ ನೋಡುವುದು ಯಾರು ಬೇಕಾದರೂ ಮಾಡಬಹುದು. ಗ್ಯಾಸಿನ ಪೈಪ್ ಮುಟ್ಟಲು ಕಲಿತವರೇ ಬೇಕು. ಇನ್ವರ್ಟರ್ ಫ್ರಿಜ್ಜುಗಳಲ್ಲಿ ಟೈಮರ್ ಬದಲು ಬೋರ್ಡು, ಸಾಮಾನ್ಯವಾಗಿ ಬೈಮೆಟಲ್ ಬದಲು ಸೆನ್ಸರ್ ಇರುತ್ತೆ. ಅಳೆಯುವ ರೀತಿ ಬೇರೆ, ಐಸ್ ಕೂರುವ ರೀತಿ ಇದೇ.

ಅವತ್ತು ಸಂಜೆಗೆ ಪೈಪಿನ ಮೇಲಿನ ಹಿಮ ಹೋಗಿತ್ತು. ಮಾರನೇ ಬೆಳಗ್ಗೆ ಮೇಡಂ ಫೋನ್ ಮಾಡಿ, ಕೆಳಗೆ 4 ಡಿಗ್ರಿ, ಮೇಲೆ ಮೈನಸ್ 18 ಎಂದರು. ಸರಿಯಾಯಿತು ಎಂದು ನಾನು ಆಗ ಒಪ್ಪಲಿಲ್ಲ. ಹಿಂದೆ ಎರಡು ಸಲವೂ ಒಂದು ವಾರದ ಮೇಲೆ ಸರಿಯಾಗೇ ಇತ್ತಲ್ಲ! 20 ದಿನ ಕಳೆಯಲಿ, ದಿನಾ ಒಂದು ಸಲ ಬರೆದಿಡಿ ಎಂದೆ. ಹುಡುಗ ಬರೆದಿಟ್ಟ. 9ನೇ ದಿನ 4, 10ನೇ ದಿನ 4, 14ನೇ ದಿನ 5, 20ನೇ ದಿನ 4.

21ನೇ ದಿನ ಹೋಗಿ ಹಿಂದಿನ ಗೋಡೆ ಇನ್ನೊಮ್ಮೆ ಬಿಚ್ಚಿದೆ. ಕಾಯಿಲಿನ ಒಂದೊಂದು ರೆಕ್ಕೆಯೂ ಎಣಿಸುವ ಹಾಗೆ ಕಾಣುತ್ತಿತ್ತು, ಮೇಲೆ ತೆಳ್ಳಗೆ ಹಿಮದ ಪುಡಿ ಅಷ್ಟೇ. ಸ್ಕ್ರೂ ಹಾಕುವಾಗ ಅಜ್ಜಿ ಕೇಳಿದರು: "ಈಗ ಮಧ್ಯ ಮಧ್ಯ ಸುಮ್ಮನಾಗುತ್ತೆ ಕಣಪ್ಪ. ಆದರೆ ಸುಮ್ಮನಾದಾಗ ಒಳಗೆಲ್ಲೋ ಚುಯ್ ಚುಯ್ ಅನ್ನುತ್ತೆ. ಅದೇನಾದ್ರೂ ಕೆಟ್ಟಿದೆಯಾ?"

"ಇಲ್ಲ ಅಜ್ಜಿ. ಕರಗಿದ ನೀರು ಹೀಟರ್ ಮೇಲೆ ಬೀಳೋ ಸದ್ದು ಅದು. ಅದು ಕೇಳಿಸದೇ ಇದ್ದಾಗ ನನಗೆ ಫೋನ್ ಮಾಡಿಸಿ."